ಒಂದು ಮುಖವನ್ನೂ ಬಿಡದ ಕ್ಯಾಮೆರಾ

ಮದುವೆ ವಿಡಿಯೋದಲ್ಲಿ ಒಂದು ಮುಖ ಬಿಟ್ಟುಹೋದರೆ ಮಾರಾಯ, ಬೈಗುಳ ತಿಂದು ಸಾಕಾಗುತ್ತದೆ. "ನಮ್ಮ ಮಾವನನ್ನು ಎಂತಕ್ಕೆ ತೆಗೆಯಲಿಲ್ಲ?" ಎಂದು ಕಾರ್ಕಳದಿಂದ ಕಾಪುವಿನವರೆಗೆ ಕೇಳಿಸಿಕೊಂಡವ ನಾನು. ಹಾಗಾಗಿ ಉಡುಪಿಯ ನನ್ನ ಸ್ಟುಡಿಯೋದಲ್ಲಿ ಒಂದೇ ಕಾನೂನು: ಊಟದ ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರ ಮುಖವೂ ಬರಬೇಕು. ಆ ಕ್ಯಾಸೆಟ್ ಕಾಲದಲ್ಲಿ ಮದುವೆಯನ್ನು ಲೋಕಲ್ ಕೇಬಲ್‌ನಲ್ಲಿಯೂ ಬಿಡುತ್ತಿದ್ದರು. ಜನ ತಮ್ಮನ್ನು ತಾವು ನೋಡಿಕೊಳ್ಳಲು ಟೀವಿ ಮುಂದೆ ಕೂರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಮಣಿಪಾಲದಲ್ಲಿ ಓದುತ್ತಿದ್ದ ಇಬ್ಬರು ಹುಡುಗಿಯರು ಬಂದು, ಗಾಂಜಾ ಕಾನೂನಿನ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತೇವೆ, ಕ್ಯಾಮೆರಾ ನೀವು ಹಿಡಿಯಬೇಕು ಎಂದರು. ನನಗೆ ನಗು. ಗಾಂಜಾದವರನ್ನು ಒಳಗೆ ಹಾಕಿದರೆ ಒಳ್ಳೆಯದೇ ಆಯಿತಲ್ಲ, ಅದರಲ್ಲಿ ಸಿನಿಮಾ ಮಾಡಲಿಕ್ಕೆ ಎಂತ ಉಂಟು? ಒಬ್ಬಳಿಗೆ ಸಿಟ್ಟು ಬಂತು. "ನಮ್ಮ ಜೊತೆ ಓದುವವರು ಸಿಕ್ಕಿಬಿದ್ದರೆ ಅಪ್ಪ ಬಂದು ಸಹಿ ಹಾಕಿ ಬಿಡಿಸಿಕೊಂಡು ಹೋಗ್ತಾರೆ. ತಂದುಕೊಟ್ಟ ಕೂಲಿಯವನು ಜೈಲಿಗೆ. ಅವನ ಹೆಂಡತಿಯ ಕಥೆ ಯಾರು ಕೇಳ್ತಾರೆ?" ಎಂದಳು.

ಅಂಥ ಒಬ್ಬ ಹೆಂಡತಿ ಅಲೆವೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಳು. ಬಾಗಲಕೋಟೆ ಕಡೆಯವಳು, ಮೇಸ್ತ್ರಿ ಕೊಟ್ಟ ತಗಡಿನ ಶೆಡ್ಡಿನಲ್ಲಿ ವಾಸ. ಗಂಡ ಯಾರೋ ಕೊಟ್ಟ ಪೊಟ್ಟಣ ಮುಟ್ಟಿಸಲು ಹೋಗಿ ಸಿಕ್ಕಿಬಿದ್ದಿದ್ದ. ಕೊಟ್ಟವನೂ ಸಿಗಲಿಲ್ಲ, ಕೊಳ್ಳುವವನೂ ಸಿಗಲಿಲ್ಲ. ಗಂಡ ಊರಿಗೆ ಹೋಗಿದ್ದಾನೆಂದು ಅವಳು ಎಲ್ಲರಿಗೂ ಸುಳ್ಳು ಹೇಳಿದ್ದಳು.

"ಮುಖ ಮಾತ್ರ ತೋರಿಸಬ್ಯಾಡ್ರಿ ಅಣ್ಣಾ," ಎಂದಳು. "ಮೇಸ್ತ್ರಿಗೆ ಗೊತ್ತಾದ್ರ ಹೊರಗ ಹಾಕ್ತಾನ. ಅವರು ಬಿಡುಗಡೆ ಆದ ಮ್ಯಾಲ ಇಲ್ಲಿಗೇ ಬರೋದು. ನಾ ಇಲ್ಲೇ ಇರಬೇಕ್ರಿ."

ಅವಳು ಊರಿಗೆ ಹೋಗುವ ಹಾಗಿರಲಿಲ್ಲ. ಎರಡೂ ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವರು.

ಬೆಳಕು ಅವಳ ಬೆನ್ನ ಹಿಂದೆ ಇರುವಂತೆ ಕೂರಿಸಿ, ಮುಖ ಕಪ್ಪಾಗಿ ಕಾಣುವ ಹಾಗೆ ತೆಗೆದೆ. ಒಂದು ಗಂಟೆ ಮಾತಾಡಿದಳು. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಕ್ಯಾಮೆರಾ ಎತ್ತಿಕೊಂಡು ಬೆಳಕಿನ ಬದಿಗೆ ಬಂದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ, ಮದುವೆಮನೆಯಲ್ಲಿ ಹೇಳುವ ಮಾತು ಬಾಯಿಂದ ಬಂದೇಬಿಟ್ಟಿತು: "ಅಕ್ಕಾ, ಒಮ್ಮೆ ಈ ಕಡೆ ನೋಡಿ." ಅವಳು ಬೆಳಕಿಗೆ ಮುಖ ತಿರುಗಿಸಿ ನೋಡಿದಳು. ಸ್ವಲ್ಪ ನಕ್ಕಳು ಕೂಡ.

ಅಯ್ಯೋ, ಎಷ್ಟು ಚಂದ ಬಂದಿತ್ತು ಆ ಶಾಟ್! ಎಡಿಟಿಂಗ್‌ನಲ್ಲಿ ಅದನ್ನೇ ಕೊನೆಗೆ ಇಟ್ಟೆ. ಹುಡುಗಿಯರು ನೋಡಿ ಕೂಗಾಡಿದರು. "ತೆಗೆಯಿರಿ ಅದನ್ನು, ಮಾತು ಕೊಟ್ಟಿದ್ದೇವೆ!" ತೆಗೆದು ಬೇರೆ ಕ್ಯಾಸೆಟ್ ಮಾಡಿಕೊಟ್ಟೆ. ಮೊದಲಿನದನ್ನು ಅಳಿಸಲಿಲ್ಲ.

ಒಂದು ಶನಿವಾರ ಕೇಬಲಿನವ ಬಂದು, "ಈ ವಾರ ಮದುವೆ ಇಲ್ವಾ? ಎಂತಾದರೂ ಕೊಡಿ ಮಾರಾಯ್ರೆ," ಎಂದ. ಮದುವೆ ಬಿಟ್ಟು ಬೇರೆಯದೂ ನನಗೆ ಬರುತ್ತದೆ ಎಂದು ಊರಿಗೆ ಗೊತ್ತಾಗಲಿ ಎಂಬ ಹಮ್ಮು ನನಗೆ. ಆ ಮೊದಲಿನ ಕ್ಯಾಸೆಟ್ಟನ್ನೇ ಕೊಟ್ಟೆ. ಅವಳ ಮಾತು ಮರೆತು ಕೊಟ್ಟೆನೆಂದರೆ ಸುಳ್ಳಾದೀತು. ಶೆಡ್ಡಿನವರಿಗೆ ಟೀವಿ ಎಲ್ಲಿಂದ ಎಂದುಕೊಂಡಿದ್ದೆ. ಮೇಸ್ತ್ರಿಯ ಮನೆಯಲ್ಲಿ ಟೀವಿ ಇತ್ತು.

ಸೋಮವಾರ ಅವಳು ಅಲ್ಲಿರಲಿಲ್ಲ. ಎಲ್ಲಿ ಹೋದಳೆಂದು ಪಕ್ಕದ ಶೆಡ್ಡಿನವರಿಗೂ ಗೊತ್ತಿರಲಿಲ್ಲ. ಮಲ್ಪೆ, ಪೆರ್ಡೂರು ಎಂದು ಕಟ್ಟಡ ಏಳುವಲ್ಲೆಲ್ಲ ಹೋಗಿ ಕೇಳಿದೆ. ಇವತ್ತಿಗೂ ತಗಡಿನ ಶೆಡ್ಡು ಕಂಡರೆ ಒಮ್ಮೆ ನಿಂತು ಇಣುಕಿ ನೋಡುತ್ತೇನೆ.

ಮುಂದಿನ ತಿಂಗಳು ತೆಳ್ಳಗಿನ ಒಬ್ಬ ಮನುಷ್ಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಸ್ಟುಡಿಯೋದೊಳಗೆ ಬಂದ. ಕೋರ್ಟಿನಲ್ಲಿ ಬಿಡುಗಡೆಯಾಯಿತಂತೆ. "ನನ್ನ ಹೆಂಡ್ತಿನ ಟೀವ್ಯಾಗ ತೋರಿಸಿದ್ದು ನೀವೇನ್ರೀ ಸರ? ಆಕಿ ಎಲ್ಲಿಗೆ ಹೋದ್ಲು, ಏನರ ಗೊತ್ತೈತೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ.

"ನಾನಲ್ಲ," ಎಂದೆ. "ಮಣಿಪಾಲದ ಹುಡುಗಿಯರು ತೋರಿಸಿದ್ದು. ಅವರನ್ನು ಕೇಳಿ."

"ತಪ್ಪು ತಿಳೀಬ್ಯಾಡ್ರಿ ಸರ, ತೊಂದ್ರಿ ಕೊಟ್ಟೆ," ಎಂದು ಕೈಮುಗಿದ. ಅವರು ಎಲ್ಲಿರುತ್ತಾರೆಂದು ಕೇಳಿಕೊಂಡು, ಬಿಸಿಲಲ್ಲಿ ಮಣಿಪಾಲದ ಕಡೆ ನಡೆದ. ಪರೀಕ್ಷೆ ಮುಗಿದು ಆ ಹುಡುಗಿಯರು ತಮ್ಮ ತಮ್ಮ ಊರಿಗೆ ಹೋಗಿ ವಾರ ಕಳೆದಿತ್ತು. ನನಗೆ ಅದು ಗೊತ್ತಿತ್ತು.