ಹಿಂದಿನ ಸಾಲಿನ ಪಿಟೀಲು

“ಅಲ್ನೋಡಪ್ಪ, ಹಿಂದಿನ ಸಾಲಲ್ಲಿ ಪಿಟೀಲು ಇಡ್ಕಂಡವ್ನಲ್ಲ, ಅವ್ನೇ ನಮ್ಮಣ್ಣ,” ಎಂದರು ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿ. ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ಹೊರಟಿದ್ದ ನಾನು ಮೊಬೈಲಿನಲ್ಲಿ ಹಾಡು, ಕುಣಿತ, ಜಾದೂ ಎಲ್ಲ ಬೆರೆಸಿದ ಹಳೆಯ ಕಪ್ಪು-ಬಿಳುಪು ಕಿರುಚಿತ್ರವೊಂದನ್ನು ನೋಡುತ್ತಿದ್ದೆ. ಅಜ್ಜಿ ಅಷ್ಟು ಹೊತ್ತಿನಿಂದ ಬಗ್ಗಿ ನೋಡುತ್ತಿದ್ದುದು ನನ್ನ ಪಾಸ್‌ವರ್ಡ್ ಕದಿಯಲು ಇರಬೇಕೆಂದು ಆಗಲೇ ಹೆದರಿ ಮುಗಿಸಿದ್ದೆ.

ಅಣ್ಣ ಬಡಗಿಯಂತೆ. ಸೆಟ್ಟು ಕಟ್ಟಲು ಹೋದವರನ್ನು, ವಾದ್ಯದವರು ಒಬ್ಬರು ಕಡಿಮೆಯಾದರೆಂದು ಕೈಗೆ ಪಿಟೀಲು ಕೊಟ್ಟು ನಿಲ್ಲಿಸಿಬಿಟ್ಟರಂತೆ. ನಿಜವೇ, ಎಲ್ಲರ ಕಮಾನು ಮೇಲೆ ಹೋದಾಗ ಅವರದು ಕೆಳಗೆ ಬರುತ್ತಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ ಎಂದರು ಅಜ್ಜಿ.

ಚಿತ್ರವನ್ನು ಅಣ್ಣನ ಮುಖ ಕಾಣುವಲ್ಲಿ ನಿಲ್ಲಿಸಿ, “ಇದನ್ನೇ ಫೋಟೊ ಮಾಡಿಸಿ ಕೊಡ್ಲಾ ಅಜ್ಜಿ?” ಎಂದೆ.

“ಫೋಟೊದಲ್ಲಿ ಸುಮ್ಕೆ ನಿಂತಿರ್ತಾನೆ, ಬುಡಪ್ಪ. ಇನ್ನೊಂದ್ಸಲ ಓಡ್ಸು, ಅವ್ನು ಬಾರ್ಸದು ನೋಡಿ ನಗ್ಬೇಕು.”

ಪಾಂಡವಪುರ ಬರುವವರೆಗೂ ಓಡಿಸಿದೆ. ಇಬ್ಬರೂ ನಕ್ಕೆವು.

ಈಗ ಇಂಥ ಚಿತ್ರ ನೋಡಲು ಕೂತರೆ ಹಾಡುವವರ ಮುಖ ನನಗೆ ಕಾಣುವುದೇ ಇಲ್ಲ. ಹಿಂದೆ ನಿಂತವರನ್ನೆಲ್ಲ ಅವರವರ ಮನೆಯವರು ನೋಡಿದ್ದಾರೋ ಇಲ್ಲವೋ ಎಂಬ ಹೊಸ ಚಿಂತೆಯೊಂದು ಹತ್ತಿಕೊಂಡಿದೆ.