ಏರದ ನೀರಿಗೊಂದು ಸೇತುವೆ

ಇಂಗ್ಲೆಂಡನ್ನು ನಾನು ನೋಡಿದವನಲ್ಲ. ಆದರೆ ಅಲ್ಲಿನ ಒಂದು ಹಳೇ ಕಾಲುವೆ ದಾಟುವ ರಸ್ತೆ ಸೇತುವೆಗೆ ನಕ್ಷೆ ಎಳೆದವನು ನಾನೇ, ಕುವೈತ್ ಸಿಟಿಯ ಆಫೀಸಿನಲ್ಲಿ ಕೂತು. ನಗಬೇಡಿ ಮಾರಾಯ್ರೆ. ಅಲ್ಲಿನ ಎಂಜಿನಿಯರುಗಳು ಲೆಕ್ಕ ಹಾಕಿ ಕಳಿಸುವುದು, ನಾವು ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು. ಶುಕ್ರವಾರ ನಮಗೆ ರಜೆ, ಅವರಿಗೆ ಕೆಲಸ. ಹಾಗಾಗಿ ತಪ್ಪು ತೋರಿಸುವ ಇಮೇಲುಗಳೆಲ್ಲ ಬಂದು ಬೀಳುವುದು ನಮ್ಮ ರಜೆಯ ತಲೆಗೇ. ಹತ್ತು ವರ್ಷ ಶುಕ್ರವಾರಗಳನ್ನು ಅವರಿಗೆ ಕೊಟ್ಟು ಕೊಟ್ಟು ಸಾಕಾಗಿ ಹೋಗಿತ್ತು.

ಆ ಶುಕ್ರವಾರವನ್ನು ಮಾತ್ರ ಕೊಡುವ ಹಾಗಿರಲಿಲ್ಲ. ಸಂಸಾರ ಇಟ್ಟುಕೊಳ್ಳಲು ಇಲ್ಲಿನ ಸರಕಾರ ಹೇಳುವಷ್ಟು ಸಂಬಳ ನನಗಿಲ್ಲವೆಂದು ಹೆಂಡತಿ, ಮಗಳ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ರಿನ್ಯೂ ಆಗಲಿಲ್ಲ. ಖಲಾಸ್. ಸಂಜೆಯ ವಿಮಾನಕ್ಕೆ ಇಬ್ಬರೂ ಊರಿಗೆ ಹೊರಟಿದ್ದರು, ತಿರುಗಿ ಬರುವುದಕ್ಕಲ್ಲ. ಏಳು ವರ್ಷದ ಮಗಳಿಗೆ ಮಾತು ಕೊಟ್ಟಿದ್ದೆ: ಬೆಳಗ್ಗೆ ಸಲ್ವಾದ ಸಮುದ್ರದ ಹತ್ತಿರ ಹೋಗುವುದು, ಮಧ್ಯಾಹ್ನದವರೆಗೆ ಆಡುವುದು, ಪಪ್ಪ ಮೊಬೈಲು ಮುಟ್ಟುವುದಿಲ್ಲ.

ಗುರುವಾರ ಆಫೀಸಿನಿಂದ ಹೊರಡುವ ಹೊತ್ತಿಗೆ ಮೇಲ್ ಬಂತು. ಸೇತುವೆ ಒಂದು ಮೀಟರ್ ಜಾಸ್ತಿ ಎತ್ತರ ಯಾಕೆ? ಆ ಮೀಟರ್ ನನ್ನದು. ಅವರು ಕೊಟ್ಟ ನೀರಿನ ಮಟ್ಟ ನೋಡಿ, ಇದು ಬೇಸಿಗೆಯದಿರಬೇಕು, ಮಳೆಗಾಲಕ್ಕೆ ಎಂತ ಮಾಡುವುದು ಅಂದುಕೊಂಡು ಯಾರನ್ನೂ ಕೇಳದೆ ಏರಿಸಿದ್ದೆ. ಜೂನ್ ಬಂತೆಂದರೆ ಹೊಳೆ ಕಾಲುಸಂಕದ ಮೇಲೆ ಹತ್ತುವ ಊರಲ್ಲಿ ಹುಟ್ಟಿದವನಲ್ವಾ! ಇಂಗ್ಲೆಂಡಿನ ಎಂಜಿನಿಯರ್ ತಾಳ್ಮೆಯಿಂದ ಬರೆದಿದ್ದ. ಇದು ಹೊಳೆಯಲ್ಲ, ದೋಣಿ ಸಾಗಿಸಲು ಹಿಂದಿನವರು ತೋಡಿದ್ದು. ಹೆಚ್ಚಾದ ನೀರು ಬದಿಯಿಂದ ಹೊರಗೆ ಹೋಗುತ್ತದೆ, ಮಟ್ಟ ಏರುವುದಿಲ್ಲ. ಸೇತುವೆ ಎತ್ತರಿಸಿದರೆ ರಸ್ತೆಯೂ ಏರಿ ಪಕ್ಕದ ಮನೆಗಳ ಗೇಟು ಮುಚ್ಚಿ ಹೋಗುತ್ತದೆ. ಜೊತೆಗೆ ಪಕ್ಕದ ಹಳೇ ಕಲ್ಲುಸೇತುವೆಯ ಫೋಟೋ ಕಳಿಸಿದ್ದ. ದಡದಲ್ಲಿ ಕುದುರೆ ನಡೆಸಿ ದೋಣಿ ಎಳೆಯುತ್ತಿದ್ದ ಕಾಲದಲ್ಲಿ ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಮೂಲೆ ಬೆರಳುದ್ದ ಸವೆದಿತ್ತು. ಅದನ್ನು ಮುಟ್ಟಬಾರದಂತೆ.

ಶುಕ್ರವಾರ ಬೆಳಗ್ಗೆ ಮಗಳು ಪ್ಲಾಸ್ಟಿಕ್ ಬಕೆಟು ಹಿಡಿದು ಖೈತಾನಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ಇಂಗ್ಲೆಂಡಿನ ಸಾಹೇಬ ಇವತ್ತೇ ಬೇಕು ಅಂದಿದ್ದಾನೆ. ಎರಡು ಗಂಟೆಯಲ್ಲಿ ಬಂದೆ," ಅಂದೆ.

"ಇವತ್ತೂ ಬೇಕಾ ನಿಮಗೆ?" ಹೆಂಡತಿ ಸಿಡುಕಿದಳು. "ಆ ಸಾಹೇಬನಿಗೆ ಹೆಂಡತಿ ಮಕ್ಕಳು ಇಲ್ವಾ?"

ಒಂದು ಎತ್ತರ ಇಳಿಸಿದರೆ ನಕ್ಷೆಯ ಹನ್ನೊಂದು ಹಾಳೆ ತಿದ್ದಬೇಕು. ಥತ್, ಬೇಗ ಮುಗಿಯುವ ಜಾತಿಯ ಕೆಲಸವೇ ಅಲ್ಲ ಅದು. ನಾನು ಮನೆ ಮುಟ್ಟುವಾಗ ಮೂರೂವರೆ. ಟ್ಯಾಕ್ಸಿಗೆ ಸೂಟ್‌ಕೇಸು ಏರಿಸಿ ಆಗಿತ್ತು.

"ಇಟ್ಸ್ ಓಕೆ ಪಪ್ಪ," ಅಂದಳು ಮಗಳು. "ಈಸ್ ಯುವರ್ ಬ್ರಿಜ್ ಫಿನಿಶ್ಡ್?"

ಆಯ್ತು ಮಗಾ, ಅಂದೆ. ಬೇರೆಂತ ಹೇಳುವುದು? ಬಕೆಟು ಬಾಗಿಲ ಹಿಂದೆಯೇ ಉಳಿಯಿತು.

ಹೆಂಡತಿ ಈಗಲೂ ನೆನಪಾದಾಗಲೆಲ್ಲ ಆ ಸಾಹೇಬನಿಗೆ ಬಯ್ಯುತ್ತಾಳೆ. ಗುರುವಾರದ ಆ ಇಮೇಲಿನ ಕೊನೆಯ ಸಾಲನ್ನು ನಾನು ಅವಳಿಗೆ ಹೇಳಿಲ್ಲ. ಅವಸರವೇನಿಲ್ಲ, ಮುಂದಿನ ವಾರ ಕಳಿಸಿದರೂ ಸಾಕು, ಅಂತ ಬರೆದಿದ್ದ ಆ ಪುಣ್ಯಾತ್ಮ. ಮಾಡಿದ ತಪ್ಪಿನ ನಾಚಿಕೆ ತಡೆಯಲಾರದೆ ಆಫೀಸಿಗೆ ಓಡಿಹೋದವನು ನಾನೇ.