ಕುರ್ಚಿ ಸಿಕ್ಕಿದವಳು

ಕೊಡಿಯಾಲ್‌ಬೈಲ್‌ನ ಸೀರೆ ಅಂಗಡಿಯಲ್ಲಿ ನನ್ನ ಪಕ್ಕ ಕೆಲಸಕ್ಕಿದ್ದವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೆಗಲಿಗೆ ಸೀರೆ ಹಾಕಿಕೊಂಡು ಅವಳು ನಾಲ್ಕು ಹೆಜ್ಜೆ ನಡೆದರೆ ಸಾಕು, ನನ್ನೆದುರು ನಿಂತ ಗಿರಾಕಿಗಳೂ ಅತ್ತ ಸರಿಯುತ್ತಿದ್ದರು.

ಅವಳ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟು ಬೆಳೆದು, ಬೆರಳು ವಾಲಿ ಪಕ್ಕದ್ದರ ಮೇಲೇರಿತ್ತು. ಡಾಕ್ಟರಿಗೆ ತೋರಿಸು ಎಂದರೆ, “ಎಂತ ಇಲ್ಲ ಮಾರಾಯ್ತಿ, ಚಪ್ಪಲಿ ಸ್ವಲ್ಪ ಬಿಗಿ ಉಂಟು” ಎನ್ನುತ್ತಿದ್ದಳು. ವರ್ಷಗಟ್ಟಲೆ ಅದೇ ಮಾತು. ನೋವು ತಪ್ಪಿಸಲು ಪಾದದ ಅಂಚಿನಲ್ಲೇ ನಡೆದು ಮಂಡಿಯೂ ಕೆಟ್ಟಿತು.

ಒಂದು ಮದುವೆ ಸೀಸನ್ನಿನಲ್ಲಿ ಸ್ಟೂಲ್ ಹತ್ತಿದವಳು ಬೆರಳು ಊರಲಾಗದೆ ಬಿದ್ದಳು. ನಮಗ್ಯಾರಿಗೂ ಕೂರಲು ಬಿಡದ ಧಣಿಗಳು ಅವಳಿಗೆ ಕುರ್ಚಿ ಹಾಕಿಸಿದರು. ಗಿರಾಕಿಗಳು ಆ ಕುರ್ಚಿಯ ಸುತ್ತಲೇ ಸೇರಿದರು.

“ಮೇಲಿನ ಹಸಿರು ಸೀರೆ ಸ್ವಲ್ಪ ತೆಗೆದು ಕೊಡ್ತೀಯಾ?” ಎಂದು ಅವಳು ಕೇಳುವಳು. ಕಾಲು ನೆಟ್ಟಗಿದ್ದದ್ದಕ್ಕೆ ನಾನು ಸ್ಟೂಲ್ ಹತ್ತಬೇಕಿತ್ತು.